ಸಿದ್ದಮ್ಮ ಹಾಕಿದ ನೀರು

...ಅಲ್ಲ ಕಣಮ್ಮಿ, ಈ ಕತೇನ ನನಗೆ ಮೊದಲು ಹೇಳಿದ್ದು ನಮ್ಮತ್ತೆ, ಅಂದ್ರೆ ನಮ್ಮಪ್ಪನ ಅಕ್ಕ ಜ್ಞಾನಮ್ಮ. ಹೇಳಿದ್ದೇನು ಬಂತು, ತಾಳವಾಡಿ ಮನೆಯ ಜಗಲಿ ಮೇಲೆ ಕೂತು ಕೂಗಾಡಿದ್ದು. ನಾನೋ ಎಂ.ಎ. ಓದಿದೋಳು, ಬಾಯಿ ಹಾಕೋಕೆ ಧೈರ್ಯ ಬರಲಿಲ್ಲ. ಆಗಿದ್ದಿಷ್ಟೇ. ಅತ್ತೆಯ ಮಗ ಅಂತೋಣಿ ಚರ್ಚು ಬಿಟ್ಟು ಹೊಸ ಪ್ರಾರ್ಥನಾ ಮನೆ ಸೇರಿದ್ದ. ಸೇರಿದ್ದೇ ತಡ, "ಅವ್ವಾ, ಕೂಸಾಗಿದ್ದಾಗ ತಲೆಗೆ ನೀರು ಚಿಮುಕ್ಸಿದ್ದು ಜ್ಞಾನಸ್ನಾನವೇ ಅಲ್ಲ. ಕೆರೇಲಿ ಮುಳುಗೇಳ್ಬೇಕು, ಇಲ್ದಿದ್ರೆ ನರಕ" ಅಂತ ದಿನಾ ಪೀಡಿಸ್ತಿದ್ದ. ಇತ್ತ ಚರ್ಚಿನ ಉಪದೇಶಿ, ಫಾದರು ಇಲ್ಲದಾಗ ಜಪ ನಡೆಸೋನು, ಅವನು ಬಂದು, "ಎರಡನೇ ಸಲ ಮುಳುಗೋದೇ ಪಾಪ ಜ್ಞಾನಮ್ಮ. ಆಮೇಲೆ ನಮ್ಮ ಸಮಾಧಿ ಜಾಗದಲ್ಲಿ ಮಣ್ಣು ಕೇಳಬೇಡ" ಅಂದ. ಮುಳುಗಿದ್ರೆ ಒಬ್ಬನ ನರಕ, ಮುಳುಗದಿದ್ರೆ ಇನ್ನೊಬ್ಬನ ನರಕ. ಎಂಬತ್ತು ದಾಟಿದ ಮುದುಕಿ, ಮಂಡಿ ನೋವು ಬೇರೆ, ಕೆರೆ ಮೆಟ್ಟಿಲು ಇಳಿಯೋದೇ ನರಕ ಅವಳಿಗೆ.

ಆವಾಗ ಶುರು ಮಾಡಿದ್ಲು ನೋಡು. "ಲೇ ಅಂತೋಣಿ, ನಿಮ್ಮಕ್ಕ ಎಲ್ಲವ್ಳೆ ಏಳ್ಲಾ ಮೊದ್ಲು." ಅವನು "ಯಾವಕ್ಕ?" ಅಂದ. ಪಾಪ, ಅವನಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ.

"ನಿನ್ಗಿಂತ ಮುಂಚೆ ಉಟ್ದೋಳು ಕಣ್ಲಾ. ಆವಾಗ ತಾಳಮಲೆ ಕಡೆ ಕೂಲಿಗಿದ್ದೊ. ಮನೇಲಿ ರಾಗಿ ಇಲ್ಲ, ಅಂಬಲಿ ಅಂದ್ರೆ ನೀರು, ನೀರಂದ್ರೆ ಅಂಬಲಿ. ಬಸುರಿ ಒಟ್ಟೆಗೆ ಸೊಪ್ಪು ಬೇಯ್ಸಿ ತಿಂದೆ, ಬರೀ ಸೊಪ್ಪು. ಮಳೆ ಇಡ್ಕಂಡಿದ್ದು ಬುಡ್ನೇ ಇಲ್ಲ, ಫಾದರು ಬರಕೆ ದಾರಿ ಇಲ್ಲ. ಎರಿಗೆ ಮಾಡ್ಸಿದ್ದು ಪಕ್ಕದೊಲದ ಸಿದ್ದಮ್ಮ, ಲಿಂಗ ಕಟ್ದೋಳು. ಕೂಸು ಉಸ್ರು ಎಳೀಲಾರ್ದು. 'ಅಕ್ಕಾ, ನಮ್ಮೋರಲ್ಲಿ ನೀರಾಕ್ದೆ ಸತ್ರೆ ಸ್ವರ್ಗ ಇಲ್ಲ' ಅಂತ ಗೋಳಾಡ್ದೆ. ಅವ್ಳು ಚೆಂಬು ತಗಂಡು ತಲೆ ಮೇಲೆ ನೀರಾಕುದ್ಲು. ನೀರಾಕ್ಬುಟ್ಟು, ಕೈ ರೂಢಿ ನೋಡು, ಅಣೆಗೆ ವಿಭೂತೀನೂ ಬಳುದ್ಬುಟ್ಲು. 'ಶಿವನೇ, ಈ ಕೂಸ ಇವರ ಏಸಪ್ಪನ ಮಡ್ಲಿಗೆ ಆಕ್ಬುಡಪ್ಪ' ಅಂದ್ಲು. ಕೂಸು ಕಣ್ಮುಚ್ತು."

ಅಷ್ಟು ಹೇಳಿ ಉಪದೇಶಿ ಕಡೆ ತಿರುಗಿದ್ಲು. "ಆವಾಗ ನಿಮ್ಮಪ್ಪನೇ ಉಪದೇಶಿ. ವಿಭೂತಿ ನೋಡ್ಬುಟ್ಟು, ಇದು ಜ್ಞಾನಸ್ನಾನ ಅಲ್ಲ, ಸಮಾಧಿ ಜಾಗಕ್ಕೆ ತರಬ್ಯಾಡಿ ಅಂದ. ಕೂಸಿಗೆ ನರಕಾನೂ ಇಲ್ಲ ಸ್ವರ್ಗಾನೂ ಇಲ್ಲ, ನಡುವೆ ಎಲ್ಲೋ ಕತ್ಲಲ್ಲಿ ಇರ್ತದೆ ಅಂದ. ನಂಗಿನ್ನೂ ಎದೆ ಆಲು ಸುರೀತಿತ್ತು ಕಣಯ್ಯ. ಸಿದ್ದಮ್ಮ ತನ್ನೊಲದ ಮೂಲೇಲಿ ಮಣ್ಣು ಕೊಟ್ಲು."

ಉಪದೇಶಿ ಮೆತ್ತಗೆ ಅಂದ, "ಈಗ ಹಾಗೆ ಹೇಳಲ್ಲ ಜ್ಞಾನಮ್ಮ. ಅಂಥ ಕೂಸುಗಳನ್ನ ದೇವರ ಕರುಣೆಗೆ ಒಪ್ಪಿಸ್ತೀವಿ."

"ಈಗ ಒಪ್ಪುಸ್ತೀರಾ? ಅಷ್ಟು ವರ್ಷ ಕತ್ಲಲ್ಲಿ ಕೂತಿದ್ದು ಕೂಸೋ, ನಾನೋ?"

ಅಂತೋಣಿ ಸುಮ್ಮನಿರಬಾರದಾ? "ಅವ್ವಾ, ಎಳೆಮಕ್ಳಿಗೆ ಪಾಪ ಇಲ್ಲ. ನೀರೇ ಬೇಕಿಲ್ಲ, ನೇರ ಸ್ವರ್ಗ ಅಂತಾರೆ ನಮ್ಮ ಪಾಸ್ಟರು."

"ಓಹೋ! ಇವ್ನಪ್ಪ ಬಾಗ್ಲಾಕ್ದ, ನಿಮ್ಮ ಪಾಸ್ಟರು ತೆಗೆದ್ರು. ಬೀಗದ ಕೈ ಸೊಂಟದಲ್ಲಿ ಕಟ್ಕಂಡಿದ್ದೀರೇನ್ಲಾ ಎಲ್ರೂವೆ? ಕೇಳುಸ್ಕಳಿ. ನಾನು ಎಲ್ಲೂ ಮುಳುಗಕಿಲ್ಲ. ಯಾರ ಸಮಾಧಿ ಜಾಗಾನೂ ಬ್ಯಾಡ. ಸಿದ್ದಮ್ಮನ ಒಲದ ಮೂಲೇಲಿ ಮಗಳ ಪಕ್ಕ ಮಣ್ಣಾಕಿ. ಅವ್ಳಿಗೆ ಬಾಗ್ಲು ತೆಗೆದಿದ್ರೆ ನಂಗೂ ತೆಗೀಲಿ. ತೆಗೀದಿದ್ರೆ ನಾನೂ ಆಚೇನೇ ಕೂತ್ಕತೀನಿ. ಕೂಸು ಒಂದೇ ಕೂತದೆ ಅಲ್ಲಿ."

ಹಾಗೇ ಮಾಡಿದ್ವಿ ಕಣಮ್ಮಿ, ಹೋದ ಮಳೆಗಾಲದಲ್ಲಿ ಅತ್ತೆ ತೀರಿಕೊಂಡಾಗ. ಸಿದ್ದಮ್ಮನ ಮೊಮ್ಮಗ ಎಳೇ ಪೈರು ಕಿತ್ತು ಜಾಗ ಬಿಟ್ಟ. ಉಪದೇಶಿಯೂ ಬಂದ, ಪಾಸ್ಟರೂ ಬಂದ್ರು, ಒಬ್ಬರ ದನಿ ಮೇಲೆ ಒಬ್ಬರು ದನಿ ಏರಿಸಿ ಪ್ರಾರ್ಥನೆ ಮಾಡಿದ್ರು, ನನಗೆ ತಲೆ ಸಿಡಿದುಹೋಯ್ತು. ನೋಡು, ಕೂಸು ಕಳ್ಕೊಂಡೋಳಿಗೆ ಸ್ವರ್ಗದ ದಾರಿ ಹೇಳೋಕೆ ಹೋಗಬಾರದು, ಒಂದು ಲೋಟ ಗಂಜಿ ಕಾಯ್ಸಿ ಕೊಡಬೇಕು. ನಿನ್ನ ಗಂಡನ ಮನೇಲೂ ಹೇಳು ಇದನ್ನ, ಅಲ್ಲೂ ಇಂಥೋರು ಇದ್ದೇ ಇರ್ತಾರೆ.