ಖಾಲಿ ಕುರ್ಚಿಯ ಪ್ರಶ್ನೆ

ತಿರುವನಂತಪುರದ ತಂಪಾನೂರು ಬಸ್‌ಸ್ಟ್ಯಾಂಡಿನಲ್ಲಿ ಕನ್ನಡ ಕಿವಿಗೆ ಬಿದ್ದದ್ದೇ ಬ್ಯಾಂಕಿನ ಕೆಲಸಕ್ಕೆಂದು ಈ ಊರಿಗೆ ಬಂದಿದ್ದ ವೇದವತಿ ತಿರುಗಿ ನೋಡಿದಳು. ಕಾಸರಗೋಡಿನ ಕಡೆಯ ಒಬ್ಬ ಹುಡುಗ, ಒಬ್ಬಳು ಹುಡುಗಿ. ಹೆಗಲ ಚೀಲಗಳ ಮೇಲೆ ‘ಕನ್ನಡ ಯುವನಾಯಕರ ಶಿಬಿರ, ೧೯೬೮’.

“ಶಿಬಿರದಲ್ಲಿ ಖಾಲಿ ಕುರ್ಚಿಯಲ್ಲಿ ಊರಿನವರು ಕೂತಿದ್ದಾರೆ ಅಂತ ತಿಳ್ಕೊಂಡು ಭಾಷಣ ಮಾಡ್ಲಿಕ್ಕಿತ್ತಲ್ಲ, ನೀನು ಯಾರನ್ನು ಕೂರಿಸಿದ್ದು, ನಿತ್ಯಾನಂದ?”

“ತೀರಿಹೋದ ದೊಡ್ಡಮ್ಮನನ್ನು. ಯಾವ ಸಭೆಯಲ್ಲೂ ಬಾಯಿ ಬಿಟ್ಟವರಲ್ಲ.”

“ಮತ್ತೆ?”

“ನನ್ನ ಭಾಷಣದ ನಡುವೆ ಎದ್ದು ಕೇಳಿದ್ರು, ನಮ್ಮ ಪರವಾಗಿ ಮಾತಾಡು ಅಂತ ನಿನಗೆ ಹೇಳಿದ್ದು ಯಾರು ಅಂತ.”

“ಸುಮ್ನಿರು ಮಾರಾಯ, ಅದು ನಿನ್ನ ಭ್ರಮೆ.”

“ಹಾಗಾದ್ರೆ ಶಿಬಿರದ ಮಾಷ್ಟ್ರು ಆ ಕುರ್ಚಿಗೆ ‘ಕೂತ್ಕೊಳ್ಳಿ ಅಮ್ಮ, ಅವನು ಹೇಳ್ತಾನೆ’ ಅಂದದ್ದು ಯಾಕೆ?”

“ನೀನು ಎಂತ ಹೇಳಿದ್ದು?”

“ಉತ್ತರ ಸಿಗುವವರೆಗೆ ದೊಡ್ಡಮ್ಮ ನನ್ನ ಜೊತೆಗೇ ಬರ್ತಾರಂತೆ.”

ಹುಡುಗಿ ನಕ್ಕುಬಿಟ್ಟಳು. ಬಸ್ಸು ಬಂತು. ನಗುತ್ತಲೇ ಹತ್ತಿದವಳು ಕಿಟಕಿಯ ಪಕ್ಕ ಕೂತಳು; ನಿತ್ಯಾನಂದನಿಗೂ ತನಗೂ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟಳು.