ಮೇಲ್ಮಹಡಿಯಿಂದ ಕೆಳಮಹಡಿಗೆ

ವೇದಿಕೆಯ ಮೇಲಿರುವ ಮಾನ್ಯ ಅತಿಥಿಗಳೇ, ಇಂದು ಸನ್ಮಾನ ಸ್ವೀಕರಿಸಿ ನಿವೃತ್ತರಾಗಲಿರುವ ನಮ್ಮ ಹವ್ಯಾಸಿ ರೇಡಿಯೊ ಸಂಘದ ಅಧ್ಯಕ್ಷರೇ, ಅವರ ಶ್ರೀಮತಿಯವರೇ, ಸದಸ್ಯ ಬಂಧುಗಳೇ, ಫ್ಯಾನಿನ ಕೆಳಗೆ ಜಾಗ ಸಿಗದಿದ್ದರೂ ಎದ್ದುಹೋಗದ ಸಭಿಕರೇ,

ಅಧ್ಯಕ್ಷರು ಇಂದು ಮಾತನಾಡುವುದಿಲ್ಲ. ಗಂಟಲಿಗೆ ಶಸ್ತ್ರಚಿಕಿತ್ಸೆಯಾಗಿದೆ, ಪಿಸುಮಾತೂ ಕೂಡದೆಂದು ವೈದ್ಯರ ಅಪ್ಪಣೆ. ಆದ್ದರಿಂದ ಅವರ ಗುಣಗಾನದ ಹೊಣೆ ಕಾರ್ಯದರ್ಶಿಯಾದ ನನ್ನ ಮೇಲೆ ಬಿದ್ದಿದೆ. ನಾನು ಏನೇ ಹೇಳಿದರೂ ಅವರು ಇಲ್ಲವೆನ್ನುವಂತಿಲ್ಲ. ಒಬ್ಬ ತಮ್ಮನಿಗೆ ಇದಕ್ಕಿಂತ ದೊಡ್ಡ ಭಾಗ್ಯ ಬೇಕೇ? ಹೌದು, ಅವರು ನನ್ನ ಒಡಹುಟ್ಟಿದ ಅಣ್ಣ. ಹೊಸ ಸದಸ್ಯರಲ್ಲಿ ಎಷ್ಟೋ ಜನರಿಗೆ ಇದು ಗೊತ್ತಿಲ್ಲ. ಗೊತ್ತಾಗದಂತೆ ನಾವಿಬ್ಬರೂ ಬಹಳ ಶ್ರಮಪಟ್ಟಿದ್ದೇವೆ.

ಅಣ್ಣ ಕನ್ನಡಕದ ಅಂಗಡಿಯವರು, ಮನೆಯ ಕೆಳಮಹಡಿಯಲ್ಲಿದ್ದಾರೆ. ನಾನು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು, ಮೇಲ್ಮಹಡಿಯಲ್ಲಿದ್ದೇನೆ. ತಾರಸಿ ಒಂದು. ಅದರಲ್ಲಿ ಎಲ್ಲಕ್ಕಿಂತ ಎತ್ತರದ ಜಾಗ ನೀರಿನ ಟ್ಯಾಂಕಿನ ನೆತ್ತಿ, ಅದೂ ಒಂದು. ಆಂಟೆನಾಗಳು ಮಾತ್ರ ಎರಡು.

“ದೊಡ್ಡೋನು ನಾನು. ನನ್ನ ಕಂಬಾನೇ ಅಲ್ಲಿ ನಿಲ್ಬೇಕು” ಎಂದರು ಅಣ್ಣ.

“ತಾರಸಿಗೆ ಹತ್ತಿರ ಇರೋನು ನಾನು” ಎಂದೆ.

“ಹಾಗಾದ್ರೆ ಇನ್ಮೇಲೆ ನನ್ನ ಹತ್ರ ಮಾತಾಡ್ಬೇಡ.”

“ಆಯ್ತು.”

ಸಭಿಕರೇ, ಆ ‘ಆಯ್ತು’ ಆರು ವರ್ಷ ಬಾಳಿತು.

ಹಾಗೆಂದು ಸಂಘದ ಸೇವೆ ನಿಂತಿತೇ? ಇಲ್ಲ. ಶಾಲೆಗಳಿಗೆ ಹೋಗಿ ಮಕ್ಕಳಿಗೆ ರೇಡಿಯೊ ಕಟ್ಟುವುದನ್ನು ಕಲಿಸಿದೆವು. ಸೈಕಲ್ ಸ್ಪರ್ಧೆಗಳಲ್ಲಿ ತಿರುವು ತಿರುವಿನಲ್ಲೂ ನಿಂತು ಸುದ್ದಿ ಮುಟ್ಟಿಸಿದೆವು. ಒಮ್ಮೆ ಸವಾರನೊಬ್ಬ ನನ್ನೆದುರಿಗೇ ಬಿದ್ದು ಮಂಡಿ ತರಚಿಕೊಂಡ. ಬ್ಯಾಂಡೇಜಿನ ಡಬ್ಬಿ ಹಿಡಿದ ಅಣ್ಣ ನನ್ನ ಪಕ್ಕದಲ್ಲೇ ಇದ್ದರು. ನಾನು ಊರಾಚೆ ಇದ್ದ ಖಜಾಂಚಿಯವರಿಗೆ ರೇಡಿಯೊದಲ್ಲಿ ಹೇಳಿದೆ. ಅವರು ರೇಡಿಯೊದಲ್ಲಿ ಅಣ್ಣನಿಗೆ ಹೇಳಿದರು. ಆಮೇಲೆ ಅಣ್ಣ ಡಬ್ಬಿ ತೆರೆದರು. ಪಾಪ, ಆ ಸವಾರ ಅಷ್ಟು ಹೊತ್ತೂ ನಮ್ಮಿಬ್ಬರ ಮುಖ ನೋಡುತ್ತ ಬಿದ್ದಿದ್ದ.

ಹೀಗಿರುವಾಗ ಆ ಬಿರುಗಾಳಿ ಬಂತು. ಫೋನುಗಳು ಸತ್ತವು, ತಗ್ಗಿನ ಮನೆಗಳಿಗೆ ನೀರು ನುಗ್ಗಿತು. ಅಣ್ಣ ರೇಡಿಯೊ ಹೊತ್ತು ಆಸ್ಪತ್ರೆಗೆ ಹೋದರು. ನಾನು ಜನ ಆಶ್ರಯ ಪಡೆದಿದ್ದ ಶಾಲೆಯಲ್ಲಿ ಕುಳಿತೆ. ನಮ್ಮ ಮನೆಯ ಕೆಳಮಹಡಿಗೂ ನೀರು ಬಂದಿದ್ದರಿಂದ ಅತ್ತಿಗೆಯೂ ಆ ಶಾಲೆಯಲ್ಲೇ ಇದ್ದರು. ಮಧ್ಯಾಹ್ನ ಯಾರೋ ಓಡಿಬಂದು, ಆಸ್ಪತ್ರೆಯ ಗೋಡೆ ಕುಸಿದಿದೆ ಎಂದರು. ರೇಡಿಯೊದಲ್ಲಿ ಆಸ್ಪತ್ರೆಯನ್ನು ಕರೆದೆ. ಉತ್ತರವಿಲ್ಲ. ಮತ್ತೆ ಕರೆದೆ, ಮತ್ತೆ ಮತ್ತೆ ಕರೆದೆ. ಅತ್ತಿಗೆ ನನ್ನ ಪಕ್ಕದ ಬೆಂಚಿನಲ್ಲಿ ಕುಳಿತು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಕರೆಯುತ್ತಿದ್ದುದು ಆಸ್ಪತ್ರೆಯನ್ನೋ ಅಣ್ಣನನ್ನೋ ಎಂದು ಯಾರಾದರೂ ಕೇಳಿದ್ದರೆ ಏನು ಹೇಳುತ್ತಿದ್ದೆನೋ ತಿಳಿಯದು.

ಎಷ್ಟೋ ಹೊತ್ತಿನ ಮೇಲೆ ದನಿ ಬಂತು. “ಆಸ್ಪತ್ರೆಯಿಂದ. ಬಿದ್ದಿದ್ದು ಹಿತ್ತಿಲ ಗೋಡೆ, ಯಾರಿಗೂ ಏನೂ ಆಗಿಲ್ಲ. ಬ್ಯಾಟರಿ ಮುಗಿದಿತ್ತು, ಓವರ್.”

ನಮ್ಮಲ್ಲಿ ಮಾತು ಮುಗಿಯಿತೆಂದು ತಿಳಿಸಲು ‘ಓವರ್’ ಎನ್ನಬೇಕು. ಆಮೇಲೆಯೇ ಇನ್ನೊಬ್ಬರ ಸರದಿ. ಈ ನಿಯಮ ಮನೆಗಳಲ್ಲಿಲ್ಲ.

ಅತ್ತಿಗೆ ಕಣ್ಣೊರೆಸಿಕೊಂಡು, “ಬಿಪಿ ಮಾತ್ರೆ ತಗೊಂಡ್ರಾ ಕೇಳು” ಎಂದರು. ಸುತ್ತಲ ಹತ್ತಾರು ಊರುಗಳ ರೇಡಿಯೊಗಳು ಕಿವಿಗೊಟ್ಟಿರುವಾಗ ಕೇಳಿದೆ: “ಬಿಪಿ ಮಾತ್ರೆ ತಗೊಂಡ್ರಾ, ಓವರ್.”

“ತಗೊಂಡೆ ಅಂತ ಹೇಳಿ, ಓವರ್.”

“ಬಿಳೀದಾ ಗುಲಾಬೀದಾ ಕೇಳು” ಎಂದರು ಅತ್ತಿಗೆ. ಅದನ್ನೂ ಕೇಳಿದೆ. ಅಣ್ಣ ಬಿಳಿಯದನ್ನು ಮರೆತಿದ್ದರು. ಅದನ್ನು ಒಪ್ಪಿಕೊಳ್ಳುವ ಬದಲು ಅವರು ಬೇರೆಯೇ ಮಾತು ಎತ್ತಿದರು:

“ನೀನು ಊಟ ಮಾಡಿದ್ಯೇನೋ, ಓವರ್.”

ಮಾತಾಡುವ ಗುಂಡಿ ಒತ್ತಿದೆ, ಬಿಟ್ಟೆ, ಮತ್ತೆ ಒತ್ತಿದೆ, ಮತ್ತೆ ಬಿಟ್ಟೆ, ಸಭಿಕರೇ. ಕೊನೆಗೆ ಖಜಾಂಚಿಯವರು ನಡುವೆ ಬಂದು, “ಶಾಲೆಯವರೇ, ದಯವಿಟ್ಟು ಉತ್ತರಿಸಿ, ಎಲ್ಲರೂ ಕಾಯ್ತಿದ್ದಾರೆ” ಎಂದರು.

“ಇಲ್ಲ ಅಣ್ಣ, ಓವರ್” ಎಂದೆ.

ಅಂದಿನಿಂದ ನಾವು ದಿನಾ ಸಂಜೆ ಮಾತನಾಡುತ್ತೇವೆ, ರೇಡಿಯೊದಲ್ಲಿ. ಇಳಿದುಹೋದರೆ ಒಂದು ಮೆಟ್ಟಿಲ ಸಾಲು. ಆದರೆ ಎದುರುಬದುರು ನಿಂತರೆ ಇಬ್ಬರಿಗೂ ಚಪ್ಪಲಿ ನೋಡುವುದೇ ಕೆಲಸ.

ಈಗ ಅಣ್ಣನಿಗೆ ದನಿಯಿಲ್ಲ. ರೇಡಿಯೊ ಸುಮ್ಮನಾಯಿತು. ಎರಡು ಸಂಜೆ ತಡೆದೆ. ನಿನ್ನೆ ಇಳಿದುಹೋಗಿ ಬಾಗಿಲು ತಟ್ಟಿದೆ. ಅಣ್ಣ ತೆರೆದರು. ಅವರು ಮಾತಾಡಲಿಲ್ಲ, ನಾನೂ ಆಡಲಿಲ್ಲ. ಅಡುಗೆಮನೆಯಿಂದ ಅತ್ತಿಗೆ ಇಣುಕಿ, “ಅವ್ರಿಗೇನೋ ಡಾಕ್ಟ್ರು ಹೇಳಿದಾರೆ, ನಿನಗೇನಪ್ಪ ಬಂತು?” ಎಂದರು. ಅಣ್ಣ ನಕ್ಕರು, ಸದ್ದಿಲ್ಲದೆ, ಭುಜ ಕುಣಿಯುವಷ್ಟು ನಕ್ಕರು. ಆಮೇಲೆ ಸೋಫಾದಲ್ಲಿ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು.

ನನಗೆ ಕೊಟ್ಟ ಸಮಯ ಮೀರಿದೆ. ಅಣ್ಣ ಆಗಲೇ ಗಡಿಯಾರ ತೋರಿಸುತ್ತಿದ್ದಾರೆ. ತಾಳ್ಮೆಯಿಂದ ಆಲಿಸಿದ ತಮಗೆ, ಆರು ವರ್ಷ ನಮ್ಮಿಬ್ಬರ ನಡುವೆ ಓಡಾಡಿದ ಖಜಾಂಚಿಯವರಿಗೆ, ಎಲ್ಲಕ್ಕಿಂತ ಮಿಗಿಲಾಗಿ ಅತ್ತಿಗೆಗೆ ನನ್ನ ಕೃತಜ್ಞತೆಗಳು.

ನಮಸ್ಕಾರ.