ಲೂಸರ್ನಿನಲ್ಲಿ ತುಂಬಿದ ಉಡಿ

2023ರ ನವೆಂಬರ್ ಇಪ್ಪತ್ತೊಂದು, ಮಂಗಳವಾರ. ಸಂಜೆ ಐದೂವರೆಗೇ ಆ ಊರಲ್ಲಿ ಕಗ್ಗತ್ತಲು. ನಮ್ಮ ಕಾಕಾನ ಮಗಳು, ಲಕ್ಷ್ಮೇಶ್ವರದ ಸುಮಿತ್ರವ್ವ, ಸೊಸೆ ಅಂಕಿತಾಳನ್ನು ಹಿಂದೆ ಹಾಕಿಕೊಂಡು ಪರದೇಶದ ಪ್ರವಾಸದಲ್ಲಿ ಲೂಸರ್ನಿನ ಓಣಿಯೊಳಗೆ ಲಾಡ್ಜಿಗೆ ವಾಪಸು ನಡೆದಿದ್ದಳು. ಗಂಡನೂ ಮಗ ವೀರುವೂ ಗಡಿಯಾರದಂಗಡಿ ಬಿಟ್ಟು ಏಳಲೊಲ್ಲರು.

ನೂರಾರು ವರ್ಷದ್ದೆಂದು ಗೈಡ್ ಹೊಗಳಿದ್ದ ಮರದ ಸೇತುವೆ ಅವಳ ಕಣ್ಣಿಗೆ ಉದ್ದನೆಯ ದನದ ಕೊಟ್ಟಿಗೆ. ಸರೋವರವಂತೂ ಕೇಳಲೇಬೇಡಿ.

“ಇದಕ್ಕ ಕೆರಿ ಅಂತಾರ? ಒಂದ ಎಮ್ಮಿ ಇಲ್ಲ, ಅರಿವಿ ಒಗ್ಯಾಕ ಒಂದ ಕಲ್ಲಿಲ್ಲ!”

ಅವಳನ್ನು ನೋಡಿ ಆ ಊರು ಏನಂದುಕೊಂಡಿತೋ.

ಅಂಕಿತಾಳಿಗೆ ಮದುವೆಯಾಗಿ ಏಳು ವರ್ಷ, ಮಕ್ಕಳಿಲ್ಲ. ಯಾರ ಮನೆಯ ಬಸುರಿಯ ಕುಬಸಕ್ಕೂ ಅತ್ತೆ ಅವಳನ್ನು ಮುಂದೆ ಬಿಡುತ್ತಿರಲಿಲ್ಲ. ಊರು ಮುಟ್ಟಿದ ಮೇಲೆ ವೀರುವಿಗೆ ಮುಂಡರಗಿಯಿಂದ ಇನ್ನೊಂದು ಹೆಣ್ಣು ತರುವುದೆಂದು ಎದುರಿಗೇ ಹೇಳಿಯಾಗಿತ್ತು.

“ಜಲ್ದಿ ನಡಿ. ಫೋಟೋದಾಗರೆ ಛಂದ ಬಿದ್ದಿ. ಮತ್ತ್ಯಾತರ ಉಪಯೋಗಕ್ಕ ಬರ್ತಿ ನೀ?”

ತಿರುವಿನಲ್ಲಿ ಹಳೆಯ ಕಲ್ಲುಬಾವಿ. ಮೇಲೆ ಕಬ್ಬಿಣದ ಮುಚ್ಚಳ, ತುಕ್ಕು ಹಿಡಿದ ಕೀಲಿ. ಕಟ್ಟೆಯ ಮೇಲೆ ಕರಿ ಉಡುಪಿನ ಒಬ್ಬ ಮುದುಕಿ... ಮಡಿಲಲ್ಲಿ ಏನೋ ಕಡಕಡ ಅನ್ನುತ್ತಿತ್ತು.

“ಇಲ್ಲೂ ಭಿಕ್ಷಾ ಬೇಡವ್ರು!” ಸುಮಿತ್ರವ್ವ ಮುಖ ತಿರುವಿದಳು.

ಮುದುಕಿ ಬೇಡಲಿಲ್ಲ. ಎದ್ದು ಬಂದಳು. ಹೆಜ್ಜೆಯ ಸಪ್ಪಳವೇ ಇಲ್ಲ. ಅಂಕಿತಾಳ ಕೋಟಿನ ಕೆಳಗಿಂದ ಸೀರೆಯ ಸೆರಗು ಎಳೆದು, ಅಗಲ ಮಾಡಿ, ಒಂದು ಹಿಡಿ ಅಕ್ರೋಟು ಹಾಕಿದಳು. ಮತ್ತೊಂದು ಹಿಡಿ... ಮತ್ತೊಂದು...

ಐದು ಹಿಡಿ. ಮುತ್ತೈದೆಗೆ ನಾವು ಉಡಿ ತುಂಬುವ ಹಾಗೆಯೇ.

ಸುಮಿತ್ರವ್ವ ಸೊಸೆಯ ತೋಳು ಜಗ್ಗಿದಳು. “ಒಗಿ ಅದನ್ನ...” ಪಿಸುಗುಟ್ಟಿದಳು.

“ಉಡಿಗೆ ಬಿದ್ದದ್ದು ಚೆಲ್ಲಬಾರದು ಅಂತ ನೀವ ಹೇಳಿದ್ದಲ್ಲೇನ್ರಿ, ಅತ್ತಿ?”

“ಅದು ಮನಷ್ಯಾರು ತುಂಬಿದ್ದಕ್ಕ...”

“ನೀವು ಮನಷ್ಯಾರು. ಏಳ ವರ್ಷದಾಗ ಒಮ್ಮೆರೆ ತುಂಬೀರೇನು?”

ತಿರುಗಿ ನೋಡಿದರೆ ಕಟ್ಟೆ ಖಾಲಿ. ಮುಚ್ಚಳದ ಕೀಲಿ ಹಾಕಿದ್ದು ಹಾಕಿದಂತೆಯೇ ಇತ್ತು. ಒಳಗೆ, ಬಹಳ ಆಳದಲ್ಲಿ... ಡುಬುಕ್.

ಸುಮಿತ್ರವ್ವ ಓಡಿದಳು. ಸೊಸೆ ಓಡಲಿಲ್ಲ. ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನ ನಡೆದು ಬಂದಳು. ಆ ರಾತ್ರಿ ಒಂದೊಂದೇ ಒಡೆದು, ಎಲ್ಲ ತಿಂದು ಮುಗಿಸಿದಳು. ಕಟಕ್... ಕಟಕ್... ಗೋಡೆಯಾಚೆ ಅತ್ತೆಗೆ ಬೆಳಗಿನ ಜಾವದ ತನಕ ಕೇಳಿತು.

ಮುಂಡರಗಿಯ ಮಾತು ಮತ್ತೆ ಏಳಲಿಲ್ಲ. ಮುಂದಿನ ಆಗಸ್ಟ್ ಹತ್ತೊಂಬತ್ತಕ್ಕೆ ಗದಗಿನ ದವಾಖಾನೆಯಲ್ಲಿ ಹೆಣ್ಣು ಹುಟ್ಟಿತು. ಮೂರು ಕಿಲೋ ಇನ್ನೂರು ಗ್ರಾಂ. ಗಟ್ಟಿಮುಟ್ಟು ಕೂಸು.

ಸುಳ್ಳೆನ್ನುವವರು ಬೆಳಗಿನ ಐದಕ್ಕೆ ಲಕ್ಷ್ಮೇಶ್ವರದ ಆ ಮನೆಗೆ ಹೋಗಲಿ. ಮುಟ್ಟಿ ನೋಡಿಯೇ ಬರೆದದ್ದು ಇದು. ಕೂಸಿನ ಅಂಗಿ ಒಣ, ಹೊದಿಕೆ ಒಣ, ತೊಟ್ಟಿಲು ಒಣ. ಕೂಸಿನ ತಲೆದಿಂಬು ಮಾತ್ರ ದಿನಾ ತೊಯ್ದು ತೊಪ್ಪೆ, ಮೂಸಿದರೆ ಹಳೆಯ ಬಾವಿನೀರಿನ ವಾಸನೆ. ಏಪ್ರಿಲ್ ಬಿಸಿಲಲ್ಲೂ. ಸುಮಿತ್ರವ್ವ ಯಾರೂ ಏಳುವ ಮೊದಲೇ ಅದನ್ನು ಹಿಂಡಿ ಮಾಳಿಗೆಯ ಮೇಲೆ ಒಣಹಾಕುತ್ತಾಳೆ.